ಈಸ್ಟರ್ ಐಲ್ಯಾಂಡಿಗೆ ಅಪ್ಪನ ಜೊತೆ ಹೋಗಿ ಬಂದದ್ದು

ಗುರುವಾರ

ಸಾಂಟಿಯಾಗೋದಿಂದ ಬೆಳಿಗ್ಗೆ ಹೊರಟ ವಿಮಾನ ಐದು ಗಂಟೆಗೂ ಜಾಸ್ತಿ ಬರೀ ನೀರಿನ ಮೇಲೇ ಹಾರ್ತು. ಈಸ್ಟರ್ ಐಲ್ಯಾಂಡ್ ಚಿಲಿ ದೇಶದ್ದೇ, ಟಿಕೆಟ್ಟೂ ಡೊಮೆಸ್ಟಿಕ್, ಆದ್ರೆ ಚಿಲಿಯ ಕರಾವಳಿಯಿಂದ 3,500 ಕಿಮೀಗೂ ಹೆಚ್ಚು ದೂರ. ಆ ಕಡೆಗೆ ಜನ ಇರೋ ಹತ್ತಿರದ ದ್ವೀಪ ಅಂದ್ರೆ ಪಿಟ್‌ಕೇರ್ನ್, ಅದೂ 2,000 ಕಿಮೀ ಮೇಲೆ, ಅಲ್ಲಿರೋದು ಸುಮಾರು ಐವತ್ತು ಜನ ಅಷ್ಟೆ. ಅಂದ್ರೆ ಪಕ್ಕದ ಮನೆ ಅಂತ ಒಂದಿಲ್ಲ.

ಅಪ್ಪ ಕಾರ್ಕಳದವರು, ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದವರು, ಡಲ್ಲಾಸ್‌ನಲ್ಲಿ ನಮ್ಮ ಮನೆಗೆ ಬಂದು ಬೇಜಾರು ಹತ್ತಿ ಕೂತಿದ್ರು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಎಲ್ಲಾದ್ರೂ ಹೋಗೋಣ ಅಂದಾಗ ಅವರೇ ಹೇಳಿದ್ದು ಈ ಹೆಸರು, ಯಾವಾಗಲೋ ಮ್ಯಾಗಜಿನ್‌ನಲ್ಲಿ ಅಲ್ಲಿಯ ದೊಡ್ಡ ಕಲ್ಲಿನ ಮೂರ್ತಿಗಳ ಫೋಟೋ ನೋಡಿ ತಲೆಯಲ್ಲಿ ಇಟ್ಟುಕೊಂಡಿದ್ರಂತೆ. ಅಮ್ಮ ಮಾತ್ರ "ನಂಗೆ ಕಲ್ಲು ನೋಡ್ಲಿಕ್ಕೆ ಕಾರ್ಕಳವೇ ಸಾಕು" ಅಂತ ಮೊಮ್ಮಗಳ ಜೊತೆ ಮನೆಯಲ್ಲೇ ಉಳಿದ್ರು, ಮನೆಯವರಿಗೂ ರಜೆ ಸಿಗ್ಲಿಲ್ಲ. ಹಾಗಾಗಿ ಅಪ್ಪ ಮಗಳು ಇಬ್ಬರೇ.

ಹೋಗೋ ಮುಂಚೆ ಆನ್‌ಲೈನ್‌ನಲ್ಲಿ ಒಂದು ಫಾರ್ಮ್ ತುಂಬಬೇಕು, ಉಳಿಯೋ ಜಾಗದ ಬುಕಿಂಗ್ ತೋರಿಸಬೇಕು, ವಾಪಸ್ ಟಿಕೆಟ್ ಇರಬೇಕು. 2018ರಿಂದ ಟೂರಿಸ್ಟ್‌ಗಳು 30 ದಿನಕ್ಕಿಂತ ಜಾಸ್ತಿ ಇರೋ ಹಾಗಿಲ್ಲ. ಇಷ್ಟು ಚಿಕ್ಕ ಜಾಗ, 164 ಚದರ ಕಿಮೀ ಕೂಡ ಇಲ್ಲ, 2017ರ ಗಣತಿಯಲ್ಲಿ ಎಂಟು ಸಾವಿರದ ಹತ್ರ ಜನ, ಬಂದವರೆಲ್ಲ ಉಳ್ಕೊಂಡ್ರೆ ಕಷ್ಟವೇ.

ಏರ್‌ಪೋರ್ಟ್ ಅಂದ್ರೆ ನಮ್ಮ ತಾಲೂಕು ಬಸ್ ಸ್ಟ್ಯಾಂಡ್‌ಗಿಂತ ಸಣ್ಣದು. ವಿಮಾನದಿಂದ ಮೆಟ್ಟಿಲಿಳಿದು ಟಾರ್ ಮೇಲೆ ನಡ್ಕೊಂಡೇ ಹೋಗೋದು, ಒಳಗೆ ಮೂರ್ತಿಗಳಿರೋ ನ್ಯಾಷನಲ್ ಪಾರ್ಕಿನ ಟಿಕೆಟ್ ಕೌಂಟರ್. ಟಿಕೆಟ್ ಅಗ್ಗ ಏನಲ್ಲ, ಹತ್ತು ದಿನಕ್ಕೆ ನಡೆಯುತ್ತೆ, ಆದ್ರೆ ರಾನೋ ರಾರಾಕು ಮತ್ತೆ ಒರೊಂಗೊ ಈ ಎರಡು ಜಾಗಕ್ಕೆ ಒಂದೊಂದೇ ಸಲ ಬಿಡ್ತಾರೆ, ಹೆಚ್ಚಿನ ಕಡೆ ಲೋಕಲ್ ಗೈಡ್ ಇಲ್ದೆ ಒಳಗೆ ಬಿಡೋದೂ ಇಲ್ಲ. ಪಾರ್ಕನ್ನ ಈಗ ನಡೆಸೋದು ಮಾವು ಹೆನುವಾ ಅನ್ನೋ ಅಲ್ಲಿಯವರದ್ದೇ ಸಂಘ, 2017ರ ಕೊನೆಗೆ ಚಿಲಿ ಸರ್ಕಾರ ಅವರ ಕೈಗೆ ಕೊಟ್ಟಿತು. ನಮ್ಮ ದುಡ್ಡು ಹೋಗೋದು ಅವರಿಗೇ ಅಂತ ಗೊತ್ತಾದ ಮೇಲೆ ಅಪ್ಪ ರೇಟಿನ ಬಗ್ಗೆ ಗೊಣಗೋದು ನಿಲ್ಲಿಸಿದ್ರು.

ನಾವಿಳಿದ ಮನೆಯ ಯಜಮಾನಿ ಕೊರಳಿಗೆ ಹೂವಿನ ಹಾರ ಹಾಕಿ "ಇಯೋರಾನಾ" ಅಂದ್ರು, ಅಂದ್ರೆ ನಮಸ್ಕಾರ. ಅಪ್ಪ ಎರಡೂ ಕೈ ಜೋಡಿಸಿ ಅದನ್ನೇ ತಿರುಗಿ ಹೇಳಿದ್ರು, ಅವತ್ತಿಂದ ಆಯಮ್ಮನೂ ಅಪ್ಪನಿಗೆ ಕೈ ಜೋಡಿಸೇ ಮಾತಾಡಿಸೋದು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ, ನಂಗೆ ಟೆಕ್ಸಾಸ್‌ನಲ್ಲಿ ಕಲಿತ ಅರ್ಧಂಬರ್ಧ ಸ್ಪ್ಯಾನಿಷ್, ಅಪ್ಪ ಅವರ ಜೊತೆ ನೇರವಾಗಿ ಕನ್ನಡದಲ್ಲೇ ಮಾತಾಡ್ತಿದ್ರು, ಹೇಗೋ ಏನೋ ಕಾಫಿಗೆ ಸಕ್ಕರೆ ಕಮ್ಮಿ ಅನ್ನೋದು ಅವರಿಗೆ ಮುಟ್ಟಿತು.

ಸಂಜೆ ನಡ್ಕೊಂಡು ತಹಾಯಿಗೆ ಹೋದ್ವಿ. ಊರು ಅಂತ ಇರೋದು ಹಾಂಗಾ ರೋವಾ ಒಂದೇ, ಅದರ ಅಂಚಲ್ಲೇ ಸಮುದ್ರದ ಪಕ್ಕ ತಹಾಯಿ. ಅಹು ಅಂದ್ರೆ ಕಲ್ಲಿನ ಕಟ್ಟೆ, ಅದರ ಮೇಲೆ ಮೋವಾಯ್, ಅಂದ್ರೆ ಆ ಮೂರ್ತಿಗಳು. ಒಂದು ಕಟ್ಟೆ ಮೇಲೆ ಐದು ಸಾಲಾಗಿ, ಪಕ್ಕದ್ದರಲ್ಲಿ ಒಂದು, ಅದರಾಚೆ ಇನ್ನೊಂದು ಕಟ್ಟೆ ಮೇಲೆ ತಲೆಗೆ ಕೆಂಪು ಕಲ್ಲಿನ ಜುಟ್ಟು, ಬಿಳಿ ಕಣ್ಣು ಎಲ್ಲ ಇಟ್ಟು ನಿಲ್ಲಿಸಿದ ಮೋವಾಯ್. ಎಲ್ಲವೂ ಸಮುದ್ರಕ್ಕೆ ಬೆನ್ನು ಹಾಕಿ ಊರಿನ ಕಡೆ ಮುಖ. ಸತ್ತ ಹಿರಿಯರು ತಮ್ಮ ಕುಲದವರನ್ನ ನೋಡ್ಕೊಳ್ತಾ ನಿಂತಿರೋದು, ಬರೋ ಹಡಗನ್ನ ಕಾಯೋದಕ್ಕಲ್ಲ. ನವೆಂಬರ್ ಕೊನೆಗೆ ಅಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತರ ಹತ್ರ, ಜನ ಹುಲ್ಲಿನ ಮೇಲೆ ಬಿಯರ್ ಹಿಡ್ಕೊಂಡು ಕೂತಿದ್ರು, ನಾಯಿಗಳು ಎಲ್ಲರ ಹತ್ರ ಹೋಗಿ ಬಿಸ್ಕೆಟ್ ಕೇಳ್ತಿದ್ವು. ವಿಲಿಯಂ ಮುಲ್ಲೋಯ್ ಅನ್ನೋ ಅಮೆರಿಕನ್ ಪುರಾತತ್ವಜ್ಞರು ಈ ಕಟ್ಟೆಗಳನ್ನ ರಿಪೇರಿ ಮಾಡಿ ಮೂರ್ತಿ ಎಬ್ಬಿಸಿದ್ದು 1960ರ ದಶಕದ ಕೊನೆಗೆ, ಅವರ ಸಮಾಧಿಯೂ ಅಲ್ಲೇ ಹತ್ರ ಇದೆ.

"ಎಬ್ಬಿಸಿದ್ದಾ? ಅಂದ್ರೆ ಬಿದ್ದಿತ್ತಾ?" ಅಪ್ಪ ಕೇಳಿದ್ರು. ಹೌದು. ಈ ದ್ವೀಪದಲ್ಲಿ ಕಟ್ಟೆ ಮೇಲೆ ಇವತ್ತು ನಿಂತಿರೋ ಮೋವಾಯ್ ಅಷ್ಟೂ ಒಂದು ಕಾಲಕ್ಕೆ ಮಕಾಡೆ ಬಿದ್ದಿದ್ದವು, ಎಲ್ಲವನ್ನೂ ಎತ್ತಿ ನಿಲ್ಲಿಸಿದ್ದು 1956ರಿಂದ ಈಚೆಗೆ. ನಾನೂ ಈ ಟ್ರಿಪ್‌ಗೆ ಅಂತ ಓದೋ ತನಕ ಇವೆಲ್ಲ ಸಾವಿರ ವರ್ಷದಿಂದ ಹೀಗೇ ನಿಂತಿವೆ ಅಂತಲೇ ಅಂದ್ಕೊಂಡಿದ್ದೆ, ಫೋಟೋ ನೋಡೋರೆಲ್ಲ ಹಾಗೇ ಅಂದ್ಕೊಳ್ಳೋದು.

ಶುಕ್ರವಾರ

ಇವತ್ತಿನ ದಿನಕ್ಕೇ ಅಷ್ಟು ದೂರ ಹೋದದ್ದು ಅನ್ನಬಹುದು. ಗೈಡ್ ಹುಡುಗ ಎಂಟೂವರೆಗೆ ಪಿಕಪ್ ತಂದ, ಕೈತುಂಬ ಹಚ್ಚೆ, ಕೂದಲು ಎತ್ತಿ ಗಂಟು ಕಟ್ಟಿದ್ದ. ದಕ್ಷಿಣ ಕರಾವಳಿ ರಸ್ತೆ, ಒಂದು ಕಡೆ ಕಪ್ಪು ಲಾವಾ ಕಲ್ಲಿಗೆ ಹೊಡೀತಿರೋ ಸಮುದ್ರ, ಇನ್ನೊಂದು ಕಡೆ ಹುಲ್ಲುಗುಡ್ಡ, ಮರ ಅನ್ನೋದು ಕಮ್ಮಿ, ಎಲ್ಲಿ ನೋಡಿದ್ರೂ ಕುದುರೆ. ರಸ್ತೆ ಮಧ್ಯೆನೇ ನಿಂತಿರ್ತವೆ, ಹಾರ್ನ್‌ಗೆಲ್ಲ ಕ್ಯಾರೇ ಅನ್ನಲ್ಲ. ದ್ವೀಪದಲ್ಲಿ ಬಾಡಿಗೆ ಕಾರಿಗೆ ಇನ್ಶೂರೆನ್ಸ್ ಸಿಗಲ್ಲ ಅಂತ ಕೇಳಿದ ಮೇಲೆ ನಾನು ಸ್ಟಿಯರಿಂಗ್ ಮುಟ್ಟೋ ಆಸೆ ಬಿಟ್ಟಿದ್ದೆ.

ದಾರಿಯಲ್ಲಿ ಸಿಗೋ ಅಹುಗಳಲ್ಲಿ ಮೋವಾಯ್‌ಗಳು ಬಿದ್ದ ಹಾಗೇ ಇವೆ, ಮುಖ ಮಣ್ಣಿಗೆ, ಕೆಲವು ಕುತ್ತಿಗೆ ಹತ್ರ ಮುರಿದು, ಜುಟ್ಟಿನ ಕೆಂಪು ಕಲ್ಲು ಅಷ್ಟು ದೂರ ಉರುಳಿ ಬಿದ್ದಿದೆ. 1722ರ ಏಪ್ರಿಲ್ 5ಕ್ಕೆ, ಈಸ್ಟರ್ ಭಾನುವಾರ, ಡಚ್ಚರ ಯಾಕೋಬ್ ರೊಗ್ಗೆವೀನ್ ಬಂದಾಗ ಇವು ನಿಂತಿದ್ದವು, ಆ ದಿನದ ಹೆಸರೇ ದ್ವೀಪಕ್ಕೆ ಅಂಟಿಕೊಂಡಿತು. 19ನೇ ಶತಮಾನದ ಮಧ್ಯದ ಹೊತ್ತಿಗೆ ಕಟ್ಟೆ ಮೇಲೆ ಒಂದೂ ನಿಂತಿರಲಿಲ್ಲ. ಕುಲ ಕುಲಗಳ ಜಗಳದಲ್ಲಿ ಕೆಡವಿದ್ದು ಅಂತ ಹೆಚ್ಚಿನವರು ಹೇಳೋದು. ಗೈಡ್ ಹೇಳಿದ, ಬಿದ್ದಿರೋದನ್ನೂ ಮುಟ್ಟಬಾರದು, ಕಟ್ಟೆ ಮೇಲೆ ಕಾಲಿಡಬಾರದು, ಯಾಕಂದ್ರೆ ಅದರ ಒಳಗೆ ಅವರ ಹಿರಿಯರ ಎಲುಬಿದೆ. ನಮ್ಮ ಪಿಕಪ್‌ನಲ್ಲಿದ್ದ ಒಬ್ಬರು ಸೆಲ್ಫಿಗೆ ಅಂತ ಕಲ್ಲು ಹತ್ತೋಕೆ ಹೋಗಿ ಚೆನ್ನಾಗಿ ಬೈಸ್ಕೊಂಡ್ರು, ನಂಗೆ ಖುಷಿ ಆಯ್ತು.

ಆಮೇಲೆ ರಾನೋ ರಾರಾಕು. ಇದು ಆರಿದ ಜ್ವಾಲಾಮುಖಿಯ ಬೆಟ್ಟ, ಇಡೀ ದ್ವೀಪದ ಮೋವಾಯ್ ಕಾರ್ಖಾನೆ. ಒಟ್ಟು ಸುಮಾರು ಸಾವಿರ ಮೂರ್ತಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಮೇಲೆ ಹುಟ್ಟಿದ್ದು ಇಲ್ಲಿ, ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆದ ಮೆದು ಕಲ್ಲು, ಅದಕ್ಕೆ ಬಸಾಲ್ಟ್ ಅನ್ನೋ ಗಟ್ಟಿ ಕಲ್ಲಿನ ಉಳಿ, ಅದರ ಹೆಸರು ತೋಕಿ. ಕಬ್ಬಿಣ ಅನ್ನೋದೇ ಇರಲಿಲ್ಲ. ಇನ್ನೂ ನಾನೂರರ ಹತ್ರ ಮೂರ್ತಿಗಳು ಇಲ್ಲೇ ಉಳಿದಿವೆ, ಅರ್ಧ ಕೆತ್ತಿದ್ದು, ಮುಕ್ಕಾಲು ಕೆತ್ತಿದ್ದು, ಬೆಟ್ಟದಿಂದ ಬೆನ್ನು ಬಿಡಿಸೋದೊಂದೇ ಬಾಕಿ ಇರೋದು. ಬೆನ್ನ ಕೆಳಗೆ ದೋಣಿಯ ಅಡಿಪಟ್ಟಿ ಹಾಗೆ ಸಣ್ಣ ಏಣು ಮಾತ್ರ ಉಳಿಸಿ ಎರಡೂ ಕಡೆಯಿಂದ ಕೆತ್ತಿಕೊಂಡು ಬರ್ತಿದ್ರು, ಕೊನೆಗೆ ಆ ಏಣು ಕಡಿದು ಇಳಿಜಾರಲ್ಲಿ ಜಾರಿಸಿ, ಕೆಳಗೆ ತೋಡಿದ ಗುಂಡಿಯಲ್ಲಿ ನಿಲ್ಲಿಸಿ ಬೆನ್ನಿನ ಕೆಲಸ ಮುಗಿಸೋದು. ಎಲ್ಲಕ್ಕಿಂತ ದೊಡ್ಡದು 21 ಮೀಟರ್, ಮಲಗೇ ಇದೆ. ಎದ್ದಿದ್ರೆ ಏಳು ಮಹಡಿ ಎತ್ತರ, ಅದನ್ನ ಹೇಗೆ ಸಾಗಿಸೋ ಯೋಚನೆ ಇತ್ತೋ.

ಇಳಿಜಾರಲ್ಲಿ ನಿಂತಿರೋ ತಲೆಗಳು ನೀವೂ ಫೋಟೋದಲ್ಲಿ ನೋಡಿರ್ತೀರಿ. ಅವು ಬರೀ ತಲೆ ಅಲ್ಲ, ಕೆಳಗೆ ಪೂರ್ತಿ ಮೈ ಇದೆ, ಬೆಟ್ಟದ ಮಣ್ಣು ಶತಮಾನಗಟ್ಟಲೆ ಇಳಿದು ಎದೆ ತನಕ ಹೂತು ಹೋಗಿರೋದು. ಹತ್ರ ಹೋಗಿ ನಿಂತ್ರೆ ಮೂಗಿನ ಹೊಳ್ಳೆ ಹೇಗೆ ಸುರುಳಿ ಸುತ್ತಿದ್ದಾರೆ, ತುಟಿ ಹೇಗೆ ಮುಂದಕ್ಕೆ ಚಾಚಿ ಬಿಗಿದಿದ್ದಾರೆ, ಕಿವಿ ಹಾಲೆ ಎಷ್ಟು ಉದ್ದ ಎಲ್ಲ ಗೊತ್ತಾಗುತ್ತೆ, ಬಿಳಿ ಪಾಚಿ ಹುಬ್ಬಿನ ಮೇಲೆ ಹತ್ತಿದೆ, ಮಳೆಗೆ ಕಲ್ಲು ಅಲ್ಲಲ್ಲಿ ಕಿತ್ತು ಒಳಗಿನ ಕಪ್ಪು ಹರಳುಗಳು ಹೊರಗೆ ಬಂದಿವೆ. 2022ರ ಅಕ್ಟೋಬರ್‌ನಲ್ಲಿ ಇಲ್ಲಿ ಬೆಂಕಿ ಬಿದ್ದು ಹಲವು ಮೋವಾಯ್ ಸುಟ್ಟವು, ಮಸಿ ಹಿಡಿದ ಗುರುತು ಗೈಡ್ ತೋರಿಸಿದ. ಹಾಗೇ ಒಂದು ಮೂಲೆಯಲ್ಲಿ ಮಂಡಿ ಊರಿ ಕೂತ ಮೋವಾಯ್ ಇದೆ, ತುಕುತುರಿ, ಗುಂಡು ಮುಖ, ಗಡ್ಡ, ಬೇರೆ ಯಾವುದರ ಹಾಗೂ ಇಲ್ಲ.

ಅಪ್ಪನೇ ಮೊದಲು ಕಂಡುಹಿಡಿದದ್ದು, ಇಲ್ಲಿರೋ ಯಾವುದಕ್ಕೂ ಕಣ್ಣಿನ ಗುಳಿ ಕೊರೆದಿಲ್ಲ. ಹುಬ್ಬಿನ ಕೆಳಗೆ ನೆರಳು ಅಷ್ಟೆ. ಗೈಡ್‌ಗೆ ಕೇಳಿದ್ರೆ ಅವನ ಮುಖ ಅರಳಿತು, ಕಣ್ಣು ಕೊರೆಯೋದು ಕಟ್ಟೆ ಮೇಲೆ ನಿಲ್ಲಿಸಿದ ಮೇಲೆ ಮಾತ್ರ, ಬಿಳಿ ಹವಳದ ಕಣ್ಣು, ಅದಕ್ಕೆ ಕೆಂಪು ಕಲ್ಲಿನ ಗುಡ್ಡೆ ಇಟ್ಟಾಗಲೇ ಮೂರ್ತಿಗೆ ಮನಾ, ಅಂದ್ರೆ ಶಕ್ತಿ ಬರೋದು ಅಂತ. "ನಮ್ಮಲ್ಲಿ ಪ್ರತಿಷ್ಠೆಗೆ ಮುಂಚೆ ಕಣ್ಣು ಬಿಡಿಸ್ತಾರಲ್ಲ, ಹಾಗೇ ಉಂಟು" ಅಂದ್ರು ಅಪ್ಪ. ನಾನು ಅದನ್ನ ಹೇಗೋ ಸ್ಪ್ಯಾನಿಷ್‌ಗೆ ತಂದು ಹೇಳಿದೆ, ಅವನು ಆಮೇಲೆ ಅಪ್ಪನ ಪಕ್ಕ ಬಿಟ್ಟು ಅಲುಗಲಿಲ್ಲ.

ಸಾಗಿಸಿದ್ದು ಹೇಗೆ ಅನ್ನೋದೇ ಅಪ್ಪನ ದೊಡ್ಡ ಪ್ರಶ್ನೆ. ದಿಮ್ಮಿ ಮೇಲೆ ಉರುಳಿಸಿದ್ರು ಅಂತ ಒಂದು ವಾದ, ಮಲಗಿಸಿ ಎಳೆದ್ರು ಅಂತ ಒಂದು. ದ್ವೀಪದವರು ಮೊದಲಿಂದ ಹೇಳೋದು ಒಂದೇ, ಮೋವಾಯ್ ತಾವೇ ನಡೆದುಕೊಂಡು ಹೋದವು. ನಗ್ತಿದ್ದವರಿಗೆ ಈಗ ಅದೇ ಸರಿ ಅನ್ನಿಸ್ತಿದೆ. ಟೆರಿ ಹಂಟ್ ಮತ್ತು ಕಾರ್ಲ್ ಲಿಪೋ ಅನ್ನೋ ಇಬ್ಬರು ಪುರಾತತ್ವಜ್ಞರು 10 ಅಡಿ ಎತ್ತರದ, 4 ಟನ್ ಮೀರಿದ ಕಾಂಕ್ರೀಟ್ ಮೋವಾಯ್ ಮಾಡಿಸಿ ಹವಾಯಿಯಲ್ಲಿ ನಡೆಸಿ ತೋರಿಸಿದ್ರು, ಬರೀ 18 ಜನ, ಮೂರು ಹಗ್ಗ, ಎಡಕ್ಕೊಂದು ಬಲಕ್ಕೊಂದು ತೂಗಿಸಿ, ಹಿಂದಿನ ಹಗ್ಗ ಬೀಳದ ಹಾಗೆ ಹಿಡಿಯೋಕೆ. ನಾವೆಲ್ಲ ಮನೆ ಬದಲಿಸುವಾಗ ಗೋದ್ರೇಜ್ ಬೀರು ಸರಿಸ್ತೀವಲ್ಲ, ಒಂದು ಕಾಲು ಮುಂದೆ, ಆಮೇಲೆ ಇನ್ನೊಂದು ಕಾಲು, ಥೇಟ್ ಅದೇ. ದಾರಿಯಲ್ಲಿ ಬಿದ್ದು ಉಳಿದ ಮೋವಾಯ್‌ಗಳ ಬುಡ ಅರ್ಧಚಂದ್ರದ ಹಾಗೆ, ಮೈ ಸ್ವಲ್ಪ ಮುಂದಕ್ಕೆ ಬಾಗಿದೆ, ನಡೆಸೋಕೆ ಅಂತಲೇ ಮಾಡಿದ್ದು, ಕಟ್ಟೆ ತಲುಪಿದ ಮೇಲೆ ಬುಡ ಕೆತ್ತಿ ನೆಟ್ಟಗೆ ಮಾಡ್ತಿದ್ರಂತೆ. ಎಲ್ಲರೂ ಇದನ್ನ ಒಪ್ಪಲ್ಲ, ದೊಡ್ಡ ಸೈಜಿನವನ್ನ ಹೀಗೆ ನಡೆಸೋಕಾಗುತ್ತಾ ಅಂತ ಜಗಳ ಇನ್ನೂ ನಡೀತಿದೆ.

ಅಪ್ಪನಿಗೆ ಇದು ಯಾಕೆ ಇಷ್ಟು ಮುಖ್ಯ ಅಂದ್ರೆ ಕಾರ್ಕಳದ ಗೊಮ್ಮಟ. ಶ್ರವಣಬೆಳಗೊಳದ್ದು ಬೆಟ್ಟದ ಕಲ್ಲನ್ನೇ ಅಲ್ಲೇ ಕೆತ್ತಿದ್ದು, ಆದ್ರೆ ನಮ್ಮೂರಿನ 42 ಅಡಿ ಬಾಹುಬಲಿ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು, ಬೇರೆ ಕಡೆ ಕೆತ್ತಿ ಗಾಡಿಯಲ್ಲಿ ಬೆಟ್ಟ ಹತ್ತಿಸಿದ್ದು ಅಂತ ಊರಲ್ಲೆಲ್ಲ ಹೇಳ್ತಾರೆ. ಸಣ್ಣವರಿದ್ದಾಗಿಂದ ಅದರ ಲೆಕ್ಕ ಹಾಕ್ತಾ ಬಂದವರು ಅವರು. ಈ ದ್ವೀಪದವರದ್ದೂ ಹೆಚ್ಚು ಕಮ್ಮಿ ಅದೇ ಕಾಲ, ಚಕ್ರ ಇಲ್ಲ, ಎತ್ತಿಲ್ಲ, ಆನೆ ಇಲ್ಲ. ಅಪ್ಪ ನೋಟ್‌ಬುಕ್ ತೆಗೆದು ಗೈಡ್‌ಗೆ ಸೆಂಟರ್ ಆಫ್ ಗ್ರ್ಯಾವಿಟಿ ಚಿತ್ರ ಬರೆದು ತೋರಿಸ್ತಾ ಕೂತ್ರು, ಉಳಿದವರೆಲ್ಲ ಪಿಕಪ್‌ನಲ್ಲಿ ಕಾಯ್ತಿದ್ರು.

ಅಲ್ಲಿಂದ ಕೆಳಗೆ ಕಾಣೋದೇ ಟೊಂಗಾರಿಕಿ, 15 ಮೋವಾಯ್ ಸಮುದ್ರದ ಅಂಚಿಗೆ ಒಂದೇ ಸಾಲು, ಎಲ್ಲಕ್ಕಿಂತ ತೂಕದ್ದು 86 ಟನ್. ಒಬ್ಬೊಬ್ಬರದ್ದು ಒಂದೊಂದು ಹೊಟ್ಟೆ, ಒಂದೊಂದು ಗದ್ದ, ಯಾವುದೂ ಒಂದೇ ಥರ ಇಲ್ಲ. 1960ರ ಮೇ ತಿಂಗಳಲ್ಲಿ ಚಿಲಿಯಲ್ಲಿ ಆದ ಭಾರೀ ಭೂಕಂಪದ ಸುನಾಮಿ ಇಲ್ಲಿಗೆ ಬಂದು, ಮೊದಲೇ ಬಿದ್ದಿದ್ದ ಇವನ್ನ ಎತ್ತಿಕೊಂಡು ಹೋಗಿ ನೂರಾರು ಮೀಟರ್ ಒಳಗೆ ಚೆಲ್ಲಿತು. ಮೂವತ್ತು ವರ್ಷ ಹಾಗೇ ಬಿದ್ದಿದ್ದವು. ನಮಗೆ ಒಂದು ಕ್ರೇನ್ ಇದ್ದಿದ್ರೆ ಎಬ್ಬಿಸ್ತಿದ್ವಿ ಅನ್ನೋ ದ್ವೀಪದವರ ಮಾತು ಜಪಾನಿನ ಟಿವಿಯಲ್ಲಿ ಬಂತು, ಅದನ್ನ ನೋಡಿ ಟಡಾನೋ ಅನ್ನೋ ಅಲ್ಲಿಯ ಕ್ರೇನ್ ಕಂಪನಿ ನಿಜವಾಗಿಯೂ ಒಂದು ಕ್ರೇನ್ ಹಡಗಲ್ಲಿ ಕಳಿಸ್ತು. ಪುರಾತತ್ವಜ್ಞ ಕ್ಲಾಡಿಯೋ ಕ್ರಿಸ್ಟಿನೋ ಮುಂದಾಳತ್ವದಲ್ಲಿ 1992ರಿಂದ ಶುರುವಾಗಿ 1990ರ ದಶಕದ ಮಧ್ಯದಲ್ಲಿ ಕೆಲಸ ಮುಗೀತು. ಅಪ್ಪ ಇಡೀ ದಿನದಲ್ಲಿ ಎಷ್ಟು ಬೆರಗಾದ್ರೋ ಅದರ ಎರಡು ಪಟ್ಟು ಈ ಕ್ರೇನ್ ಕಥೆಗೆ ಆದ್ರು.

ರಾತ್ರಿ ಅವರ ಕಾಲೇಜು ಫ್ರೆಂಡ್ಸ್ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ರು, ಐದು ನಿಮಿಷಕ್ಕೆ ಬಂತು ನೋಡಿ, "ಏಲಿಯನ್ಸ್ ಕಟ್ಟಿದ್ದಂತೆ ಹೌದೇನೋ?" ಅಪ್ಪ ಸಿಟ್ಟಲ್ಲಿ ಇಷ್ಟುದ್ದ ವಾಯ್ಸ್ ಮೆಸೇಜ್ ಹಾಕಿದ್ರು, "ಉಳಿ ಬಿದ್ದಿದೆ ಮಾರಾಯ ಇಲ್ಲಿ, ಅರ್ಧ ಕೆಲಸ ಬಿದ್ದಿದೆ, ಮನುಷ್ಯರು ಮಾಡಿದ್ದು, ನಿನ್ನ ಹಾಗಿನ ಸೋಮಾರಿಗಳು ಅಲ್ಲ ಅಷ್ಟೆ." ನಂಗೂ ಈ ನಿಗೂಢ ರಹಸ್ಯ ಅನ್ನೋ ಮಾತೇ ಸಾಕಾಗಿದೆ. ನಮ್ಮವರು ಮಾಡಿದ್ರೆ ಶಿಲ್ಪಕಲೆ, ಅವರು ಮಾಡಿದ್ರೆ ನಿಗೂಢ, ಇದ್ಯಾವ ನ್ಯಾಯ.

ಶನಿವಾರ

ಬೆಳಿಗ್ಗೆ ಮಳೆ. ಹತ್ತು ನಿಮಿಷ ಸುರಿಯುತ್ತೆ, ಬಿಸಿಲು ಬರುತ್ತೆ, ಮತ್ತೆ ಸುರಿಯುತ್ತೆ.

ವಿನಾಪು ಮೊದಲು, ಏರ್‌ಪೋರ್ಟ್ ರನ್‌ವೇಯ ಕೊನೆಗೆ. ಅಲ್ಲಿ ಒಂದು ಕಟ್ಟೆಯ ಹಿಂದಿನ ಗೋಡೆ ಕಲ್ಲಿಗೆ ಕಲ್ಲು ಎಷ್ಟು ಬಿಗಿಯಾಗಿ ಕೂತಿದೆ ಅಂದ್ರೆ ಗಾರೆ ಇಲ್ಲ, ಬ್ಲೇಡೂ ಹೋಗಲ್ಲ. ಪೆರುವಿನ ಇಂಕಾ ಗೋಡೆ ಥರ ಇದೆ ಅಂತ ನಾರ್ವೆಯ ಥೋರ್ ಹೆಯರ್‌ಡಾಲ್ ಇಲ್ಲಿಗೆ ದಕ್ಷಿಣ ಅಮೆರಿಕದವರೇ ಬಂದು ನೆಲೆಸಿದ್ದು ಅಂತ ವಾದ ಮಾಡಿದ್ರು. ಭಾಷೆ, ಡಿಎನ್‌ಎ ಎಲ್ಲ ಹೇಳೋದು ಇವರು ಪಾಲಿನೇಷಿಯಾದವರೇ, ಸುಮಾರು 1200ರ ಹೊತ್ತಿಗೆ ಪಶ್ಚಿಮದಿಂದ ದೋಣಿಯಲ್ಲಿ ಬಂದವರು ಅಂತ. ಆದ್ರೆ ಎರಡೂ ಕಡೆಯವರು ಎಲ್ಲೋ ಭೇಟಿ ಆಗಿದ್ದಂತೂ ನಿಜ, ಗೆಣಸು ದಕ್ಷಿಣ ಅಮೆರಿಕದ ಬೆಳೆ, ಅದು ಯುರೋಪಿನವರು ಬರೋಕೆ ಮುಂಚೆಯೇ ಇಲ್ಲಿ ಇತ್ತು.

ಆಮೇಲೆ ರಾನೋ ಕಾವು. ಕಿಲೋಮೀಟರ್‌ಗೂ ಅಗಲದ ಜ್ವಾಲಾಮುಖಿ ಬಾಯಿ, ಒಳಗೆ ಕೆರೆ, ಕೆರೆ ಮೇಲೆ ಜೊಂಡು ತೇಪೆ ತೇಪೆಯಾಗಿ ತೇಲ್ತಿದೆ. ಅದರ ಅಂಚಿಗೇ ಒರೊಂಗೊ, ಒಂದು ಪಕ್ಕ ಆ ಗುಂಡಿ, ಇನ್ನೊಂದು ಪಕ್ಕ ಸಮುದ್ರಕ್ಕೆ ಮುನ್ನೂರು ಮೀಟರ್ ಕಡಿದಾದ ಪ್ರಪಾತ. ಚಪ್ಪಟೆ ಕಲ್ಲು ಜೋಡಿಸಿ ಕಟ್ಟಿದ ಐವತ್ತಕ್ಕೂ ಹೆಚ್ಚು ಮನೆಗಳು, ಮೇಲೆ ಹುಲ್ಲು ಬೆಳೆದಿದೆ, ಬಾಗಿಲು ಅಂದ್ರೆ ಹೊಟ್ಟೆ ಮೇಲೆ ತೆವಳಿ ಹೋಗುವಷ್ಟೇ ಕಿಂಡಿ.

ಮೋವಾಯ್ ಕಾಲ ಮುಗಿದ ಮೇಲೆ ಇಲ್ಲಿ ಹಕ್ಕಿಮನುಷ್ಯನ ಸ್ಪರ್ಧೆ ನಡೀತಿತ್ತು. ಪ್ರತಿ ವಸಂತಕ್ಕೆ ಒಂದೊಂದು ಕುಲದ ಮುಖಂಡ ತನ್ನ ಪರವಾಗಿ ಒಬ್ಬ ಗಟ್ಟಿಗನನ್ನ ಕಳಿಸೋದು, ಆತ ಈ ಪ್ರಪಾತ ಇಳಿದು, ಜೊಂಡಿನ ಕಟ್ಟು ಎದೆಗಿಟ್ಟು ಶಾರ್ಕ್ ಇರೋ ನೀರಲ್ಲಿ ಎದುರಿನ ಮೋಟು ನುಯಿ ಅನ್ನೋ ಪುಟ್ಟ ಬಂಡೆ ದ್ವೀಪಕ್ಕೆ ಈಜಿ, ಮನುತಾರಾ ಹಕ್ಕಿ ಬಂದು ಮೊದಲ ಮೊಟ್ಟೆ ಇಡೋ ತನಕ ಗುಹೆಯಲ್ಲಿ ಕಾದು, ಆ ಮೊಟ್ಟೆ ಹಣೆಗೆ ಕಟ್ಟಿಕೊಂಡು ಅದೇ ದಾರಿಯಲ್ಲಿ ಮೇಲೆ ಬರಬೇಕು. ಗೆದ್ದ ಮೊಟ್ಟೆ ಸಿಕ್ಕ ಮುಖಂಡ ಒಂದು ವರ್ಷ ಹಕ್ಕಿಮನುಷ್ಯ, ತಲೆ ಬೋಳಿಸಿ ಬೇರೆ ಮನೆಯಲ್ಲಿ ಮಡಿಯಲ್ಲಿ ಇರೋದು, ಅವನ ಕುಲಕ್ಕೆ ಆ ವರ್ಷ ಮೇಲುಗೈ. ಸತ್ತವರು ಎಷ್ಟೋ. ಅಪ್ಪ ಕೆಳಗೆ ಬಗ್ಗಿ ನೋಡಿ, "ಈಜಿದವ ಒಬ್ಬ, ಪಟ್ಟ ಇನ್ನೊಬ್ಬನಿಗೆ. ನಮ್ಮ ಡಿಪಾರ್ಟ್‌ಮೆಂಟೇ ಇದು" ಅಂದ್ರು.

1860ರ ದಶಕದಲ್ಲಿ ಇದು ನಿಂತು ಹೋಯ್ತು. ಇಲ್ಲಿನ ಒಂದು ಮನೆಯೊಳಗಿದ್ದ ಬಸಾಲ್ಟ್ ಮೋವಾಯ್, ಹೋವಾ ಹಕನಾನೈಯಾ, ಬೆನ್ನ ಮೇಲೆ ಹಕ್ಕಿಮನುಷ್ಯರ ಕೆತ್ತನೆ ಇರೋದು, ಅದನ್ನ 1868ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗು ಎತ್ತಿಕೊಂಡು ಹೋಯ್ತು, ಈಗಲೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 2018ರಲ್ಲಿ ದ್ವೀಪದವರು ಅಲ್ಲಿಗೇ ಹೋಗಿ ವಾಪಸ್ ಕೊಡಿ ಅಂತ ಕೇಳಿ ಬಂದ್ರು, ಕೊಟ್ಟಿಲ್ಲ. ಈ ಕಥೆ ನಮಗೆ ಹೊಸದೇನಲ್ಲ ಬಿಡಿ.

ಊಟಕ್ಕೆ ಟ್ಯೂನಾ ಸೆವಿಚೆ, ಅಂದ್ರೆ ನಿಂಬೆರಸದಲ್ಲೇ ಹಣ್ಣಾದ ಹಸಿ ಮೀನು. ಅಪ್ಪ ಪ್ಲೇಟ್ ನೋಡಿ "ಇದನ್ನ ಬೇಯಿಸ್ಲಿಕ್ಕೆ ಮರೆತ್ರಾ?" ಅಂದ್ರು. ಮೀನು ಅಷ್ಟು ತಾಜಾ ಇತ್ತು, ಆದ್ರೂ ಅವರು ಚಟ್ನಿಪುಡಿ ಉದುರಿಸಿಯೇ ತಿಂದದ್ದು.

ಭಾನುವಾರ

ಮನೆ ಯಜಮಾನಿ ಚರ್ಚ್‌ಗೆ ಬನ್ನಿ ಅಂತ ಕರೆದ್ರು, ಹೋದ್ವಿ. ಹಾಡೆಲ್ಲ ದ್ವೀಪದವರದ್ದೇ ರಾಪಾ ನುಯಿ ಭಾಷೆಯಲ್ಲಿ, ಗಿಟಾರ್, ಅಕಾರ್ಡಿಯನ್, ಹೆಂಗಸರು ತಲೆಗೆ ಹೂವು ಮುಡಿದು ಎತ್ತರದ ದನಿಯಲ್ಲಿ ಎತ್ತಿದ್ರೆ ಗಂಡಸರು ಕೆಳಗಿನ ಸ್ವರ ಹಿಡಿಯೋದು. ಮರದ ಸಂತರ ಮೂರ್ತಿಗಳಲ್ಲೂ ಮನುತಾರಾ ಹಕ್ಕಿ ಕೂತಿದೆ. ಚರ್ಚ್ ಪಕ್ಕ ಸೆಬಾಸ್ಟಿಯನ್ ಎಂಗ್ಲರ್ಟ್ ಅನ್ನೋ ಜರ್ಮನ್ ಪಾದ್ರಿಯ ಸಮಾಧಿ, 1935ರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಇಲ್ಲೇ ಇದ್ದು ಮೋವಾಯ್‌ಗಳಿಗೆ ಒಂದೊಂದಾಗಿ ನಂಬರ್ ಹಾಕಿ ಪಟ್ಟಿ ಮಾಡಿದವರು.

ಇವರ ಜನ ಉಳಿದದ್ದೇ ಹೆಚ್ಚು ಅನ್ನಿಸಿದ್ದು ಅಲ್ಲಿ ಕೂತಾಗ. 1862-63ರಲ್ಲಿ ಪೆರುವಿನಿಂದ ಗುಲಾಮರನ್ನ ಹಿಡಿಯೋ ಹಡಗುಗಳು ಬಂದು ಸುಮಾರು 1,500 ಜನರನ್ನ ಹೊತ್ತೊಯ್ದವು, ರಾಜ, ಓದುಬರಹ ಬಲ್ಲವರು ಎಲ್ಲ ಅದರಲ್ಲಿ ಹೋದ್ರು. ಗಲಾಟೆ ಆಗಿ ವಾಪಸ್ ಕಳಿಸಿದಾಗ ತಲುಪಿದ್ದು ಬೆರಳೆಣಿಕೆ ಮಂದಿ, ಜೊತೆಗೆ ಸಿಡುಬು ತಂದ್ರು. 1877ಕ್ಕೆ ಇಡೀ ದ್ವೀಪದಲ್ಲಿ 111 ಜನ. 1888ರಲ್ಲಿ ಚಿಲಿ ತನ್ನದು ಮಾಡಿಕೊಂಡು ಕುರಿ ಸಾಕೋ ಕಂಪನಿಗೆ ಬಿಟ್ಟಿತು, ಇವರನ್ನ ಹಾಂಗಾ ರೋವಾದಲ್ಲಿ ಗೋಡೆ ಹಾಕಿ ಕೂಡಿ, ಉಳಿದ ನೆಲವೆಲ್ಲ ಕುರಿಗೆ. ಕಂಪನಿ 1953ಕ್ಕೆ ಹೋದ ಮೇಲೆ ನೌಕಾಪಡೆ ಆಳಿತು. 1964ರಲ್ಲಿ ಅಲ್ಫೊನ್ಸೊ ರಾಪು ಅನ್ನೋ ಯುವ ಮೇಷ್ಟ್ರು ಎದ್ದು ನಿಂತ ಮೇಲೆ, 1966ಕ್ಕೆ ಇವರಿಗೆ ಪೌರತ್ವ, ಓಟು ಸಿಕ್ಕಿದ್ದು. ಯಜಮಾನಿ ಹೇಳಿದ್ರು, ಅವರಮ್ಮ ಹುಡುಗಿಯಾಗಿದ್ದಾಗ ಗೋಡೆ ದಾಟಿ ಅನಾಕೆನಾ ಬೀಚಿಗೆ ಹೋಗೋಕೂ ಪರ್ಮಿಷನ್ ಕೇಳಬೇಕಿತ್ತಂತೆ. ಮರ ಎಲ್ಲ ಕಡಿದು ತಾವೇ ತಮ್ಮನ್ನ ಹಾಳು ಮಾಡಿಕೊಂಡ ಜನ ಅಂತ ಇವರ ಬಗ್ಗೆ ಪಾಠ ಹೇಳೋರಿಗೆ ಈ ಗೋಡೆ ಮಾತ್ರ ಹೇಗೆ ಕಾಣಲ್ಲವೋ. ಮರ ಹೋಗಿದ್ದು ನಿಜ, ತಾಳೆ ಮರ ಒಂದೂ ಉಳಿಯಲಿಲ್ಲ, ಅದರ ಕಾಯಿಯನ್ನ ಇಲಿ ತಿಂದದ್ದೂ ಒಂದು ಕಾರಣ. ಆದ್ರೆ 2024ರಲ್ಲಿ ಬಂದ ಡಿಎನ್‌ಎ ಅಧ್ಯಯನ ನೋಡಿದ್ರೆ 17ನೇ ಶತಮಾನದಲ್ಲಿ ಜನ ಕುಸಿದು ಹೋದ ಗುರುತೇ ಇಲ್ಲ, 1860ರ ತನಕ ನಿಧಾನಕ್ಕೆ ಏರ್ತಾನೇ ಇದ್ರು.

ಮಧ್ಯಾಹ್ನ ಪುನಾ ಪಾವು, ಜುಟ್ಟಿನ ಕೆಂಪು ಕಲ್ಲು ತೆಗೀತಿದ್ದ ಕುಳಿ. ಅಹು ಅಕಿವಿಯಲ್ಲಿ ಏಳು ಮೋವಾಯ್, 1960ರಲ್ಲಿ ಎಬ್ಬಿಸಿದ್ದು, ಸಮುದ್ರ ನೋಡೋದು ಇವು ಮಾತ್ರ ಅಂತ ಎಲ್ಲ ಗೈಡ್‌ಗಳೂ ಹೇಳ್ತಾರೆ, ಆದ್ರೆ ಇದು ಒಳನಾಡು, ಮುಂದೆ ಊರಿನ ಬಯಲು, ಸಮುದ್ರ ಅದರಾಚೆ. ಆನಾ ತೆ ಪಾಹು ಅನ್ನೋ ಲಾವಾ ಗುಹೆಯ ಬಾಯಲ್ಲಿ ಬಾಳೆ, ಕೆಸು ಸೊಂಪಾಗಿ ಬೆಳೆದಿವೆ. ಬಯಲಲ್ಲಿ ಗಾಳಿ ಜೋರು, ಹಾಗಾಗಿ ಕಲ್ಲಿನ ಗುಂಡು ಗೋಡೆ ಕಟ್ಟಿ ಅದರೊಳಗೆ ಗಿಡ ಬೆಳೆಸೋ ಪದ್ಧತಿ, ಗದ್ದೆಗೂ ಕಲ್ಲು ಹರಡಿ ತೇವ ಉಳಿಸೋದು. ಮೂರ್ತಿ ನೋಡೋಕೆ ಬಂದ ಅಪ್ಪ ಕೆಸುವಿನ ಎಲೆ ಮುಂದೆ ಇಪ್ಪತ್ತು ನಿಮಿಷ ನಿಂತು, "ಪತ್ರೊಡೆ ಮಾಡ್ಲಿಕ್ಕೆ ಗೊತ್ತಿಲ್ಲ ಇವರಿಗೆ, ಛೆ" ಅಂದ್ರು.

ಸೋಮವಾರ

ಸೂರ್ಯೋದಯಕ್ಕೆ ಮತ್ತೆ ಟೊಂಗಾರಿಕಿ. ಮೋಡ. ನೂರು ಜನ ಟ್ರೈಪಾಡ್ ಹಿಡಿದು ನಿಂತಿದ್ರು, ಯಾರಿಗೂ ಏನೂ ಸಿಗ್ಲಿಲ್ಲ, ಥರ್ಮಾಸ್ ಕಾಫಿ ಕುಡಿದು ಹೊರಟ್ವಿ.

ಉತ್ತರ ದಡದಲ್ಲಿ ತೆ ಪಿಟೋ ಕುರಾ, ಅಲ್ಲಿ ಪಾರೋ ಅನ್ನೋ ಮೋವಾಯ್ ಮಕಾಡೆ ಬಿದ್ದಿದೆ. ಕಟ್ಟೆಗೆ ಸಾಗಿಸಿ ನಿಲ್ಲಿಸಿದ್ದರಲ್ಲೆಲ್ಲ ಇದೇ ಎತ್ತರದ್ದು, ಹತ್ತು ಮೀಟರ್ ಹತ್ರ, 80 ಟನ್ ಅಂತ ಅಂದಾಜು. ಪಕ್ಕ ಒಂದು ನುಣ್ಣನೆ ಉರುಟು ಕಲ್ಲು, ಕಬ್ಬಿಣದ ಅಂಶ ಜಾಸ್ತಿ, ದಿಕ್ಸೂಚಿ ಹತ್ರ ಇಟ್ರೆ ಮುಳ್ಳು ದಾರಿ ತಪ್ಪುತ್ತೆ. ಮೊದಲು ಎಲ್ಲರೂ ಕೈ ಇಟ್ಟು ಧ್ಯಾನ ಮಾಡ್ತಿದ್ರಂತೆ, ಈಗ ಸುತ್ತ ತಡೆ ಕಟ್ಟಿದ್ದಾರೆ.

ಅನಾಕೆನಾ ಮಾತ್ರ ಬೇರೆಯೇ ಲೋಕ. ಕಪ್ಪು ಕಲ್ಲಿನ ದ್ವೀಪಕ್ಕೆ ಬಿಳಿ ಹವಳದ ಮರಳಿನ ಬೀಚು, ತಹಿತಿಯಿಂದ ತಂದು ನೆಟ್ಟ ತೆಂಗಿನ ತೋಪು. ಮೊದಲ ಅರಸ ಹೋಟು ಮಾತುವಾ ದೋಣಿ ಇಳಿದದ್ದು ಇಲ್ಲೇ ಅಂತ ಅವರ ಕಥೆ. ಕಟ್ಟೆ ಮೇಲಿನ ಮೋವಾಯ್‌ಗಳು ಬಿದ್ದಮೇಲೆ ಮರಳಲ್ಲಿ ಹೂತಿದ್ದರಿಂದ ಮೈ ಸವೆದಿಲ್ಲ, ಬೆರಳಿನ ಉಗುರು, ಬೆನ್ನಿನ ಸುರುಳಿ ಗೆರೆ ಎಲ್ಲ ನೆಟ್ಟಗೆ ಕಾಣುತ್ತೆ. 1978ರಲ್ಲಿ ಇದನ್ನ ಅಗೆಸಿದ್ದು ಸೆರ್ಹಿಯೋ ರಾಪು, ದ್ವೀಪದವರೇ ಆದ ಪುರಾತತ್ವಜ್ಞ, ಆವಾಗಲೇ ಹವಳದ ಕಣ್ಣು ಸಿಕ್ಕಿದ್ದು. ಅಲ್ಲಿ ತನಕ ಆ ಗುಳಿ ಯಾಕೆ ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಒಂಟಿಯಾಗಿರೋದು 1956ರಲ್ಲಿ ಎಬ್ಬಿಸಿದ್ದು, ಎಲ್ಲಕ್ಕಿಂತ ಮೊದಲು, ಹನ್ನೆರಡು ಜನ ದ್ವೀಪದವರು ಬರೀ ಮರದ ಹಾರೆ ಕೊಟ್ಟು, ಸಂದಿಗೆ ಕಲ್ಲು ತುರುಕುತ್ತಾ ಹದಿನೆಂಟು ದಿನಕ್ಕೆ ನಿಲ್ಲಿಸಿದ್ರು. ಅಪ್ಪ ಪ್ಯಾಂಟ್ ಮಡಚಿ ಮೊಣಕಾಲು ನೀರಲ್ಲಿ ನಿಂತು ಅದನ್ನೇ ನೋಡ್ತಿದ್ರು, ನಾನು ಚೀಸ್ ಎಂಪನಾಡಾ ತಿಂದೆ, ನಮ್ಮ ಕರ್ಜಿಕಾಯಿ ಆಕಾರ, ಒಳಗೆ ಸಿಹಿ ಇಲ್ಲ ಅಷ್ಟೆ.

ಮಂಗಳವಾರ

ಮ್ಯೂಸಿಯಂ ಸೋಮವಾರ ಮುಚ್ಚಿರುತ್ತೆ, ಅದಕ್ಕೆ ಇವತ್ತು. ಅನಾಕೆನಾದ ಅಗೆತದಲ್ಲಿ ಸಿಕ್ಕ ಹವಳದ ಕಣ್ಣು ಗಾಜಿನ ಪೆಟ್ಟಿಗೆಯಲ್ಲಿದೆ. ರೊಂಗೊರೊಂಗೊ, ಅಂದ್ರೆ ದ್ವೀಪದವರ ಹಳೆ ಲಿಪಿ ಕೆತ್ತಿದ ಮರದ ಹಲಗೆಗಳ ನಕಲು ಇವೆ, ಅಸಲಿ ಎಲ್ಲ ದ್ವೀಪದ ಹೊರಗೆ. ಮೀನಿನ ಥರ, ಮನುಷ್ಯರ ಥರ ಸಣ್ಣ ಸಣ್ಣ ಗುರುತುಗಳು, ಒಂದು ಸಾಲು ಓದಿ ಹಲಗೆ ತಲೆಕೆಳಗು ಮಾಡಿ ಮುಂದಿನ ಸಾಲು ಓದಬೇಕು, ಇವತ್ತಿಗೂ ಯಾರಿಗೂ ಓದೋಕೆ ಬಂದಿಲ್ಲ, ಬಲ್ಲವರೆಲ್ಲ ಆ ಪೆರು ಹಡಗಿನಲ್ಲಿ ಮತ್ತೆ ಸಿಡುಬಲ್ಲಿ ಹೋದ್ರು. 1930ರ ದಶಕದಲ್ಲಿ ಹೆವೆಶಿ ಅನ್ನೋ ಹಂಗೇರಿಯವರು ಇದೂ ನಮ್ಮ ಸಿಂಧೂ ಲಿಪಿಯೂ ಒಂದೇ ಅಂತ ಪಕ್ಕ ಪಕ್ಕ ಇಟ್ಟು ತೋರಿಸಿದ್ರು, ಮಧ್ಯೆ ಮೂರು ಸಾವಿರ ವರ್ಷ ಅಂತರ ಅನ್ನೋದನ್ನ ಲೆಕ್ಕಕ್ಕೇ ಇಟ್ಟಿರಲಿಲ್ಲ, ವಿದ್ವಾಂಸರು ಯಾರೂ ಒಪ್ಪಲಿಲ್ಲ. ಅಪ್ಪನಿಗೆ ಇದನ್ನ ಹೇಳಿದ್ದೇ ತಡ, "ಗ್ರೂಪಿಗೆ ಮಾತ್ರ ಹೇಳ್ಬೇಡ ಮಾರಾಯ್ತಿ, ಅವರು ಇಲ್ಲಿಗೂ ಪುಷ್ಪಕ ವಿಮಾನ ತರ್ತಾರೆ" ಅಂದ್ರು.

ಏರ್‌ಪೋರ್ಟಲ್ಲಿ ಅಪ್ಪ ಕಾಂಪೌಂಡ್ ಹತ್ರ ನಿಂತು ರನ್‌ವೇ ನೋಡ್ತಿದ್ರು. ಮೂರು ಕಿಮೀಗೂ ಉದ್ದ, ಇಷ್ಟು ಚಿಕ್ಕ ದ್ವೀಪಕ್ಕೆ ಎಂತಕ್ಕೆ ಅಂತ. ಅದು ನಾಸಾದ ಪುಣ್ಯ, ಸ್ಪೇಸ್ ಷಟಲ್ ಏನಾದ್ರೂ ತುರ್ತಾಗಿ ಇಳಿಯೋದಾದ್ರೆ ಇರ್ಲಿ ಅಂತ 1980ರ ದಶಕದಲ್ಲಿ ಉದ್ದ ಮಾಡಿಸಿದ್ದು, ಷಟಲ್ ಒಂದೂ ಇಳೀಲಿಲ್ಲ, ದೊಡ್ಡ ವಿಮಾನ ಬರೋ ಹಾಗಾಯ್ತು, ಟೂರಿಸ್ಟ್‌ಗಳು ಬಂದ್ರು. ದೊಡ್ಡ ಬಂದರು ಈಗಲೂ ಇಲ್ಲ, ಸಾಮಾನಿನ ಹಡಗು ದೂರದಲ್ಲೇ ನಿಂತು ಸಣ್ಣ ದೋಣಿಗಳಿಗೆ ಇಳಿಸಬೇಕು, ಟೊಮೆಟೋ ರೇಟ್ ಕೇಳಿದ್ರೆ ಎದೆ ಹಿಡ್ಕೊಳ್ಳೋ ಹಾಗಿರೋದು ಅದಕ್ಕೇ.

ಸಾಂಟಿಯಾಗೋ ಗಡಿಯಾರ ಎರಡು ಗಂಟೆ ಮುಂದೆ, ಇಳಿಯುವಾಗ ರಾತ್ರಿ ಹತ್ತು ದಾಟಿತ್ತು. ಹೋಟೆಲ್‌ನಲ್ಲಿ ಕಿಚನ್ ಮುಚ್ಚಿದೆ ಅಂದ್ರು, ಅಪ್ಪ "ಬಿಸಿನೀರು ಕೊಡ್ತಾರಾ ಕೇಳು" ಅಂದು ಬ್ಯಾಗಿಂದ ಅವಲಕ್ಕಿ ಪೊಟ್ಟಣ ಹೊರಗೆ ತೆಗೆದ್ರು.